ಗಪ್ಪಿಯ ಬಾಲ: ಅಪ್ಪನ ಕತ್ತಿ, ಅಮ್ಮನ ಬೀಸಣಿಗೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಟ್ಯಾಂಕ್ ಇಲ್ಲದವರೂ ಗಪ್ಪಿಯನ್ನು ನೋಡಿರುತ್ತೀರಿ. ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮ ಹಳ್ಳಿಗಳ ಬಾವಿಗೆ ಬಿಡುತ್ತಾರಲ್ಲ, ಆ ಪುಟ್ಟ ಮೀನು. ಅದರ ಬಾಲ ಸಣ್ಣದು, ಗುಂಡಗೆ. ಅಂಗಡಿಯ ಡೆಲ್ಟಾ ಗಪ್ಪಿಯ ಬಾಲವೋ, ಬಿಚ್ಚಿಟ್ಟ ಬೀಸಣಿಗೆ. ಆದರೆ ಎರಡೂ ಒಂದೇ ಜಾತಿ.

ನಾನು ಮೊದಲು ಎಡವಿದ್ದು ಇಲ್ಲೇ. ದುಡ್ಡು ಕೊಟ್ಟು ಒಂದು ಕೆಂಪು ಡೆಲ್ಟಾ ಗಂಡು ತಂದೆ. ಹೆಣ್ಣು ಯಾವುದಾದರೇನು ಅಂತ ಮನೆಯಲ್ಲಿದ್ದ ಸಾದಾ ಹೆಣ್ಣುಗಳ ಜೊತೆ ಬಿಟ್ಟೆ. ಗಂಡು ಮರಿಗಳು ಬೆಳೆದವು, ಬೀಸಣಿಗೆ ಬಾಲ ಮಾತ್ರ ಒಂದಕ್ಕೂ ಇಲ್ಲ. ಬಾಲದ ಮೇಲಂಚು, ಕೆಳಗಿನ ಅಂಚು ಎರಡು ಕತ್ತಿಗಳ ಹಾಗೆ ಚಾಚಿದ್ದವು, ನಡುವೆ ಖಾಲಿ. ಅಂಗಡಿಯವನನ್ನು ಸುಮ್ನೆ ಬೈದುಕೊಂಡೆ. ತಪ್ಪಿದ್ದು ನನ್ನ ಲೆಕ್ಕ.

ಲೆಕ್ಕ ಹೀಗಿದೆ. ಗಂಡೋ ಹೆಣ್ಣೋ ಅಂತ ತೀರ್ಮಾನಿಸುವ ಕ್ರೋಮೋಸೋಮ್‌ಗಳು (ಜೀನ್‌ಗಳನ್ನು ಹೊತ್ತ ಎಳೆಗಳು) ನಮ್ಮ ಹಾಗೆಯೇ ಗಪ್ಪಿಯಲ್ಲೂ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್, ಒಂದು ವೈ. ಡಬಲ್ ಸ್ವೋರ್ಡ್ ಅನ್ನುವ ಎರಡು ಕತ್ತಿಯ ಬಾಲದ ಜೀನ್ ಕೂತಿರುವುದು ವೈ ಮೇಲೆ. ಅಂದರೆ ಅಪ್ಪನಿಂದ ನೇರ ಮಗನಿಗೆ. ಬಾಲಕ್ಕೆ ಬಣ್ಣ ತುಂಬುವ, ಅಗಲ ಕೊಡುವ ಇನ್ನೊಂದು ಜೀನ್ ಎಕ್ಸ್ ಮೇಲಿದೆ. ಬಹಳಷ್ಟು ಡೆಲ್ಟಾ ತಳಿಗಳಲ್ಲಿ ಇವೆರಡೂ ಸೇರಿದರೇ ಬೀಸಣಿಗೆ ಬಿಚ್ಚುವುದು. ಮಗನಿಗೆ ಎಕ್ಸ್ ಎಲ್ಲಿಂದ ಬರಬೇಕು? ಅಮ್ಮನಿಂದ, ಬೇರೆ ದಾರಿಯೇ ಇಲ್ಲ. ನಮ್ಮ ಸಾದಾ ಹೆಣ್ಣಿನ ಹತ್ತಿರ ಆ ಜೀನ್ ಇರಲಿಲ್ಲ, ಅಷ್ಟೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತೀವಿ. ಗಪ್ಪಿ ಸಾಕುವವರು ತಾಯಿಯಂತೆ ಮಗ ಅನ್ನಬೇಕು!

ಹಾಗಾದರೆ ನಾನು ತಂದ ಗಂಡಿನ ಎಕ್ಸ್ ಏನಾಯಿತು? ಅದು ಹೆಣ್ಣು ಮರಿಗಳಿಗೆಲ್ಲ ಹೋಗಿತ್ತು. ಅಂಥ ಒಂದು ಮಗಳನ್ನು ಮತ್ತೆ ಅಪ್ಪನಿಗೇ ಕೂಡಿಸಿದೆ. ಈ ಸಲ ಗಂಡು ಮರಿಗಳಲ್ಲಿ ಹೆಚ್ಚೂಕಡಿಮೆ ಅರ್ಧಕ್ಕೆ ಬೀಸಣಿಗೆ ಬಂತು. ಮಗಳ ಮೂಲಕ ತಾತನ ಬಾಲ ಮೊಮ್ಮಗನಿಗೆ. ಬಾಲ ಎಷ್ಟು ದೊಡ್ಡದಾಗುತ್ತದೆ ಅನ್ನುವುದಕ್ಕೆ ಇನ್ನೂ ಹಲವು ಜೀನ್‌ಗಳು, ಊಟ, ನೀರು ಎಲ್ಲ ಸೇರುತ್ತವೆ. ಅಪರೂಪಕ್ಕೆ ಎಕ್ಸ್, ವೈ ತಮ್ಮ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುವುದೂ ಉಂಟು. ಆಗ ಲೆಕ್ಕ ತಪ್ಪುತ್ತದೆ.

ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಗುಣವನ್ನು ಗಪ್ಪಿಯಲ್ಲಿ ಮೊದಲು ತೋರಿಸಿದವರು ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್, 1920ರಲ್ಲಿ. ಅವರು ಹಿಂಬಾಲಿಸಿದ್ದು ಬಾಲವನ್ನಲ್ಲ, ಬೆನ್ನಿನ ರೆಕ್ಕೆಯ ಮೇಲಿನ ಒಂದು ಕಪ್ಪು ಚುಕ್ಕೆಯನ್ನು. ಕೆಲಸ ನಡೆದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಹೌದು, ಬಿಯರ್ ಮಾಡುವ ಅದೇ ಕಾರ್ಲ್ಸ್‌ಬರ್ಗ್. ಆಮೇಲೆ ಡೆನ್ಮಾರ್ಕಿನವರೇ ಆದ ವಿಂಗೆ ಅನ್ನುವ ವಿಜ್ಞಾನಿ ಎಕ್ಸ್ ಮೇಲಿನ ಗುಣಗಳನ್ನೂ ಬಿಡಿಸಿ ಹೇಳಿದರು.

ಈಗ ಕೆಲಸಕ್ಕೆ ಬರುವ ಮಾತು. ಹೆಣ್ಣು ಗಪ್ಪಿ ಒಂದು ಸಲ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಉಳಿಸಿಕೊಳ್ಳುತ್ತದೆ. ಅಂಗಡಿಯಿಂದ ತಂದ ಹೆಣ್ಣು ನಿಮ್ಮ ಗಂಡಿನ ಮುಖವನ್ನೇ ನೋಡದೆ ಮರಿ ಹಾಕಬಹುದು. ಅದಕ್ಕೆ ಮರಿಗಳಿಗೆ ಮೂರು ನಾಲ್ಕು ವಾರ ಆಗುತ್ತಲೇ ಗಂಡು, ಹೆಣ್ಣುಗಳನ್ನು ಬೇರೆ ಮಾಡಿ. ಗಂಡಿನ ಹೊಟ್ಟೆಯ ಕೆಳಗಿನ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಕಲೆ ಕಾಣುತ್ತದೆ. ಹೆಣ್ಣು ಆರಿಸುವಾಗ ಬಾಲದಲ್ಲಿ ಬಣ್ಣ ಇರುವುದನ್ನು, ಬಾಲ ಸ್ವಲ್ಪ ಅಗಲ ಇರುವುದನ್ನು ನೋಡಿ. ಒಳಗಿನ ಎಕ್ಸ್ ಹೊರಗೆ ಕೊಡುವ ಸುಳಿವು ಅಷ್ಟೇ. ಅದಕ್ಕಿಂತ ಒಳ್ಳೆಯದು ಅದೇ ತಳಿಯ ತಂಗಿಯನ್ನೇ ಕೇಳಿ ತರುವುದು.

ರಿಬ್ಬನ್ ಗಪ್ಪಿಯ ಕಥೆಯೇ ಬೇರೆ. ರಿಬ್ಬನ್ ಮಾಡುವ ಜೀನ್ ಎಕ್ಸ್ ಮೇಲೂ ಇಲ್ಲ, ವೈ ಮೇಲೂ ಇಲ್ಲ. ಪ್ರಬಲ ಗುಣ, ಒಂದು ಪ್ರತಿ ಸಾಕು, ರೆಕ್ಕೆಗಳೆಲ್ಲ ದಾರದಂತೆ ಉದ್ದ. ತೊಂದರೆ ಏನಪ್ಪಾ ಅಂದರೆ, ಗಂಡು ಕೂಡುವುದಕ್ಕೆ ಬಳಸುವ ಆ ಕಡ್ಡಿ ರೆಕ್ಕೆಯೂ ಉದ್ದವಾಗಿಬಿಡುತ್ತದೆ. ಇಷ್ಟು ಚೆಂದದ ಗಂಡಿಗೆ ಮರಿ ಮಾಡುವ ಯೋಗ ಇಲ್ಲ. ಹಾಗಾಗಿ ರಿಬ್ಬನ್ ಹೆಣ್ಣಿಗೆ ಸಾದಾ ರೆಕ್ಕೆಯ ಅಣ್ಣನನ್ನೋ ತಮ್ಮನನ್ನೋ ಕೂಡಿಸುತ್ತಾರೆ. ಮರಿಗಳಲ್ಲಿ ಅರ್ಧ ರಿಬ್ಬನ್, ಅರ್ಧ ಸಾದಾ. ಆ ಸಾದಾ ಗಂಡುಗಳನ್ನು ಯಾರಿಗೂ ಕೊಟ್ಟುಬಿಡಬೇಡಿ, ಮುಂದಿನ ಸಲಕ್ಕೆ ಅವೇ ಬೇಕು.