ನಾಲ್ಕೂವರೆ ಸಾವಿರದ ಗಾಜು | ಕಲಬುರಗಿ ಟು ಬೀದರ್, ಅವ್ವನ ಜೊತೆ

ಹಾಂ, ಮೈಕ್ ಆನ್ ಇದೆ. ನಮಸ್ಕಾರ ಎಲ್ಲರಿಗೂ. ಇದು ನಮ್ಮ ಕಲಬುರಗಿ ಸ್ಟೇಷನ್. ಅವ್ವ ಆಗಲೇ ಬೆಂಚ್ ಹಿಡಿದು ಕೂತಿದ್ದಾಳೆ, ಪಕ್ಕದಲ್ಲಿ ರೊಟ್ಟಿ ಗಂಟು. ಬೀದರ್‌ನಲ್ಲಿ ದೊಡ್ಡವ್ವನ ಮೊಮ್ಮಗನ ಜವಳ ಇದೆ. ಇವತ್ತಿನ ವ್ಲಾಗ್ ಬರೀ ಜವಳದ್ದೇ ಆಗಬೇಕಿತ್ತು. ಆದರೆ ಹೋದ ಸಲ ಬೀದರ್‌ಗೆ ಹೋದಾಗ ಉಳಿದುಕೊಂಡ ಹೋಟೆಲ್ ಜೊತೆ ನನ್ನದೊಂದು ಲೆಕ್ಕ ಬಾಕಿ ಇದೆ. ಹೆಂಗೂ ಹೋಗ್ತಾ ಇದ್ದೀವಿ, ಅದನ್ನೂ ನೋಡಿಕೊಂಡು ಬರೋಣ ಅಂತ. ಹೋಟೆಲ್ ಹೆಸರು ಹೇಳಲ್ಲ. ಕೇಳಬೇಡಿ.

ಟಿಕೆಟ್ ಆಯಿತು, ಸೀಟೂ ಸಿಕ್ಕಿತು. ಕಿಟಕಿ ಪಕ್ಕ ಅವ್ವನಿಗೇ, ಅದರಲ್ಲಿ ಮಾತೇ ಇಲ್ಲ. ಈ ಲೈನ್ ಶುರುವಾಗಿದ್ದು 2017ರಲ್ಲಿ. ಅದಕ್ಕೂ ಮುಂಚೆ ಹುಮನಾಬಾದ್ ಮೇಲೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗೋದೇ ಗತಿ. ಆ ದಿನಗಳ ಬಗ್ಗೆ ನನಗೆ ಒಂದಿಷ್ಟೂ ಪ್ರೀತಿ ಇಲ್ಲ.

ಸರಿ, ವಿಷಯಕ್ಕೆ ಬರ್ತೀನಿ. ಹೋದ ಸಲ ರೂಮ್ ಬಾಡಿಗೆ ಆ್ಯಪ್‌ನಲ್ಲೇ ಮೊದಲೇ ಕಟ್ಟಿದ್ದೆ. ಆದರೂ ಚೆಕ್‌ಇನ್ ಮಾಡುವಾಗ ಕೌಂಟರ್‌ನಲ್ಲಿ ಕಾರ್ಡ್ ಕೇಳಿದರು. "ಸೆಕ್ಯುರಿಟಿಗೆ ಐದು ಸಾವಿರ ಬ್ಲಾಕ್ ಮಾಡ್ತೀವ್ರೀ ಮೇಡಂ, ಕಟ್ ಆಗಲ್ಲ" ಅಂದರು. ಮಷೀನ್ ಕೊಟ್ಟರು, ಪಿನ್ ಒತ್ತಿದೆ. ನಿಜಕ್ಕೂ ಕಟ್ ಆಗಲಿಲ್ಲ. ಚೆಕ್‌ಔಟ್ ದಿನ ಕೀ ಕೊಟ್ಟೆವು, ರೂಮ್ ನೋಡಿದರು, ನಗುನಗುತ್ತಾ ಕಳಿಸಿದರು. ಮನೆಗೆ ಬಂದು ಅವ್ವ ಸೀರೆ ಮಡಚಿ ಇಡ್ತಾ ಇದ್ದಾಗ ಮೆಸೇಜ್ ಬಂತು: ನಾಲ್ಕೂವರೆ ಸಾವಿರ ರೂಪಾಯಿ ನಿಮ್ಮ ಕ್ರೆಡಿಟ್ ಕಾರ್ಡ್‌ನಿಂದ ಖರ್ಚಾಗಿದೆ. ಫೋನ್ ಇಲ್ಲ, ಮೇಲ್ ಇಲ್ಲ. ಓಟಿಪಿಯೂ ಬರಲಿಲ್ಲ.

ಓಟಿಪಿ ಇಲ್ಲದೆ ಹೆಂಗೆ ಕಟ್ ಆಯಿತು ಅಂತ ನೀವೂ ಕೇಳಬಹುದು. ಅದೇ ಇಲ್ಲಿನ ಮಜಾ. ಚೆಕ್‌ಇನ್‌ನಲ್ಲಿ ಒತ್ತಿದ ಪಿನ್ ಇದೆಯಲ್ಲ, ಅದು ಆ ಐದು ಸಾವಿರಕ್ಕೆ ಕೊಟ್ಟ ಒಪ್ಪಿಗೆ. ಪ್ರೀ-ಆಥ್ ಅಂತಾರೆ. ದುಡ್ಡು ಅಲ್ಲೇ ಇರುತ್ತದೆ, ಆದರೆ ಲಿಮಿಟ್‌ನಲ್ಲಿ ಅಷ್ಟು ಹಿಡಿದಿಟ್ಟಿರುತ್ತಾರೆ. ಆಮೇಲೆ ಅದರೊಳಗೆ ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳಬಹುದು, ಉಳಿದಿದ್ದು ಬಿಟ್ಟುಬಿಡ್ತಾರೆ. ಇನ್ನೊಂದು ಸಲ ನಿಮ್ಮನ್ನು ಕೇಳೋದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಹೋಟೆಲ್‌ಗೆ ಕ್ರೆಡಿಟ್ ಕಾರ್ಡ್ ಕೊಡಲೇಬಾರದು. ಕ್ಯಾಷ್ ಕೊಡಿ, ರಸೀದಿ ಇಸ್ಕೊಳ್ಳಿ, ಕತೆ ಮುಗೀತು.

ಇಲ್ಲಿ ನೋಡಿ, ಕಮಲಾಪುರ ದಾಟಿದೆವು. ಕೆಂಪು ಬಾಳೆಹಣ್ಣು ಇಲ್ಲಿಯದೇ. ಅವ್ವ ಪ್ರತಿ ಸಲ ಇಲ್ಲಿ ಬಂದಾಗ "ಒಂದ್ ಡಜನ್ ತಗೋಬೇಕಿತ್ತು" ಅಂತಾಳೆ. ರೈಲು ನಿಂತಾಗ ಮಾತ್ರ ಸುಮ್ನೆ ಕೂತಿರ್ತಾಳೆ. ಈಗ ಸುರಂಗ ಬರುತ್ತದೆ, ಸ್ಕ್ರೀನ್ ಕಪ್ಪಾದರೆ ಗಾಬರಿ ಆಗಬೇಡಿ.

ಹಾಂ, ಹೋಟೆಲ್‌ಗೆ ಫೋನ್ ಮಾಡಿದೆ. ಸೈಡ್ ಟೇಬಲ್‌ನ ಗಾಜು ಒಡೆದಿದೆ ಅಂದರು. ಯಾವ ಗಾಜು? ಮಂಚದ ಪಕ್ಕದ ಪುಟ್ಟ ಟೇಬಲ್ ಮೇಲಿನದು. ಬಿಲ್ ಕಳಿಸಿ ಅಂದೆ. ಒಂದೇ ಸಾಲಿನ ಬಿಲ್ ಬಂತು: ಗ್ಲಾಸ್ ಟಾಪ್ ರೀಪ್ಲೇಸ್‌ಮೆಂಟ್, ನಾಲ್ಕೂವರೆ ಸಾವಿರ. ಯಾವ ಅಂಗಡಿಯಿಂದ ತಂದಿರಿ, ಅಳತೆ ಎಷ್ಟು, ಏನೂ ಇಲ್ಲ.

ಆಮೇಲೆ ಬ್ಯಾಂಕಿನ ಕಸ್ಟಮರ್ ಕೇರ್. ಅಲ್ಲಿ ಮೊದಲ ಪ್ರಶ್ನೆಯೇ, "ಈ ಟ್ರಾನ್ಸಾಕ್ಷನ್ ನೀವು ಮಾಡಿಲ್ಲ ಅಂತೀರಾ ಮೇಡಂ?" ಇಲ್ಲಿ ಸ್ವಲ್ಪ ಹುಷಾರು. ಸಿಟ್ಟಿನಲ್ಲಿ "ಹೌದು, ಮೋಸ" ಅಂದುಬಿಟ್ಟರೆ ಅವರು ಅದನ್ನು ಫ್ರಾಡ್ ಅಂತ ಬರೆದುಕೊಳ್ತಾರೆ, ಕಾರ್ಡ್ ಬ್ಲಾಕ್ ಆಗುತ್ತದೆ, ಹೊಸ ಕಾರ್ಡ್ ಬರೋವರೆಗೆ ಕಾಯಬೇಕು. ಆಮೇಲೆ ಹೋಟೆಲ್‌ನವರು ನಾನು ಪಿನ್ ಒತ್ತಿದ ದಾಖಲೆ ತೋರಿಸಿದರೆ ನನ್ನ ಮಾತೇ ಸುಳ್ಳಾಗುತ್ತದೆ. ಹೋಟೆಲ್‌ನಲ್ಲಿ ಉಳಿದಿದ್ದು ನಾನೇ, ಕಾರ್ಡ್ ಕೊಟ್ಟಿದ್ದೂ ನಾನೇ. ನನ್ನ ತಕರಾರು ಈ ಮೊತ್ತದ ಬಗ್ಗೆ. ಅದಕ್ಕೆ ಡಿಸ್ಪ್ಯೂಟ್ ಅಂತ ಹೇಳಬೇಕು. ಹಾಗೇ ಹೇಳಿದೆ. ಫಾರ್ಮ್ ಕಳಿಸಿದರು. ಕಂಪ್ಲೇಂಟ್ ನಂಬರ್ ಕೊಟ್ಟರು.

ಇನ್ನೊಂದು. ಡಿಸ್ಪ್ಯೂಟ್ ಹಾಕಿದ್ದೀನಿ ಅಂತ ಆ ತಿಂಗಳ ಬಿಲ್ ಕಟ್ಟದೆ ಕೂರಬೇಡಿ. ತಕರಾರು ನಾಲ್ಕೂವರೆ ಸಾವಿರದ್ದು, ಆದರೆ ಪೂರ್ತಿ ಬಿಲ್ ಕಟ್ಟದೇ ಇದ್ದರೆ ಬಡ್ಡಿ ಕಿರಾಣಿ ಸಾಮಾನಿಗೂ ಬೀಳುತ್ತದೆ. ನಾನು ಹಲ್ಲು ಕಚ್ಚಿ ಎಲ್ಲಾ ಕಟ್ಟಿದೆ. ಕೆಲವು ದಿನ ಬಿಟ್ಟು ಬ್ಯಾಂಕ್‌ನವರು ಅಷ್ಟು ದುಡ್ಡನ್ನು ಟೆಂಪರರಿ ಕ್ರೆಡಿಟ್ ಅಂತ ವಾಪಸ್ ಹಾಕಿದರು. ಟೆಂಪರರಿ ಅಂದರೆ ಟೆಂಪರರಿಯೇ. ಹೋಟೆಲ್ ಗೆದ್ದರೆ ಮತ್ತೆ ಕಿತ್ತುಕೊಳ್ತಾರೆ.

ಹುಮನಾಬಾದ್ ಹೋಯಿತು. ಹೊರಗೆ ಮಣ್ಣು ನೋಡಿ. ನಮ್ಮ ಕಡೆ ಕಪ್ಪು, ತೊಗರಿ ಬೆಳೆಯೋ ಎರೆ ಮಣ್ಣು. ಬೀದರ್ ಹತ್ತಿರ ಬಂದಂಗೆ ಕೆಂಪು. ಕಿಟಕಿಯಲ್ಲೇ ಗೊತ್ತಾಗುತ್ತದೆ.

ಈಗ ಮಧ್ಯದಲ್ಲಿ ಒಂದು ಹಳೆ ಕ್ಲಿಪ್ ಹಾಕ್ತೀನಿ. ಹೋದ ಸಲದ ರೂಮ್ ಟೂರ್. ಬೋರಿಂಗ್ ಅಂತ ಆಗ ವಿಡಿಯೋದಲ್ಲಿ ಬಳಸಿರಲಿಲ್ಲ. ನೋಡಿ, ಬಾಗಿಲು ತೆಗೆದೆ, ಬ್ಯಾಗ್ ಇನ್ನೂ ಹೆಗಲ ಮೇಲೇ ಇದೆ. ಇಲ್ಲಿ ನಾನು ಟ್ರೇ ಎತ್ತಿ ಗೊಣಗ್ತಾ ಇದ್ದೀನಿ, "ಇಬ್ಬರಿಗೆ ಎರಡೇ ಟೀ ಪ್ಯಾಕೆಟಾ?" ಅಂತ. ನನ್ನ ಮುಖ ನೋಡಬೇಡಿ, ಟ್ರೇ ಕೆಳಗೆ ನೋಡಿ. ನಿಲ್ಲಿಸ್ತೀನಿ. ಝೂಮ್ ಮಾಡ್ತೀನಿ. ಗಾಜಿನ ಮೂಲೆಯಿಂದ ಒಂದು ಬಿರುಕು, ಬೆರಳುದ್ದ. ಅದರ ಮೇಲೆ ಸೆಲ್ಲೋ ಟೇಪ್ ಹಚ್ಚಿದ್ದಾರೆ. ಟೇಪ್ ಹಳದಿ ತಿರುಗಿದೆ, ಒಂದು ತುದಿ ಮೇಲೆದ್ದು ಧೂಳು ಹಿಡಿದಿದೆ. ನಾನು ರೂಮಿಗೆ ಕಾಲಿಟ್ಟು ಒಂದು ನಿಮಿಷವೂ ಆಗಿಲ್ಲ.

ಈ ಕ್ಲಿಪ್‌ನ ಫೋಟೋಗಳನ್ನು ಫಾರ್ಮ್ ಜೊತೆ ಹಾಕಿದೆ, ತೆಗೆದ ದಿನಾಂಕ, ಟೈಮ್ ಕಾಣುವ ಹಾಗೆ. ಆ್ಯಪ್‌ನ ಬುಕಿಂಗ್ ರಸೀದಿ, ಅವರ ಒಂದು ಸಾಲಿನ ಬಿಲ್, ನಾನು ಬರೆದ ಮೇಲ್ ಕೂಡ. ಮೇಲ್‌ನಲ್ಲಿ ಕೇಳಿದ್ದು ಮೂರೇ: ಒಡೆದ ಗಾಜಿನ ಫೋಟೋ ತಾರೀಖಿನ ಸಮೇತ, ಹೊಸ ಗಾಜು ತಂದ ಅಂಗಡಿ ಬಿಲ್, ಈ ಮೊತ್ತಕ್ಕೆ ನಾನು ಒಪ್ಪಿ ಸಹಿ ಮಾಡಿದ ಕಾಗದ. ಬರೆದೇ ಕೇಳಿ. ಫೋನಿನಲ್ಲಿ ಕೂಗಾಡಿದ್ದನ್ನು ಬ್ಯಾಂಕ್‌ಗೆ ತೋರಿಸೋಕೆ ಆಗಲ್ಲ.

ನ್ಯಾಯವಾಗಿ ಹೇಳ್ತೀನಿ, ಚೆಕ್‌ಇನ್ ಕಾರ್ಡ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ "ಕೊಠಡಿ ವಸ್ತುಗಳಿಗೆ ಹಾನಿಯಾದರೆ ಅತಿಥಿಯೇ ಹೊಣೆ" ಅಂತ ಇತ್ತು, ನನ್ನ ಸಹಿಯೂ ಇತ್ತು. ನಿಜವಾಗಿ ಒಡೆದಿದ್ದರೆ ಕೊಡಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಯಾರು ಒಡೆದರು, ಎಷ್ಟು ಬೆಲೆ ಅನ್ನೋದನ್ನು ಆ ಸಣ್ಣ ಅಕ್ಷರ ಹೇಳಲ್ಲ ಅಲ್ವಾ?

ಬೀದರ್ ಬಂತು! ಆಟೋ ಶಾಟ್ ಓಡಿಸ್ತೀನಿ.

ಹೋಟೆಲ್‌ಗೆ ಮುಂಚೆ ಒಂದು ಗಾಜಿನ ಅಂಗಡಿ. ಇದು ನನ್ನದೇ ಐಡಿಯಾ, ಅವ್ವನಿಗೆ ಇಷ್ಟ ಇರಲಿಲ್ಲ, ಜವಳಕ್ಕೆ ಲೇಟಾಗುತ್ತದೆ ಅಂತ. ಅಂಗಡಿ ಭಾಯ್ ಮುಖ ತೋರಿಸಬೇಡಿ ಅಂದರು, ಅದಕ್ಕೆ ಕೈ ಮಾತ್ರ. ಆ ಕೈ ನೋಡಿ, ವಜ್ರದ ಕಟರ್ ಎಳೆದರೆ ಒಂದೇ ಗೆರೆ, ಟಕ್ ಅಂತ ಎರಡು ತುಂಡು. ಇನ್ನೊಂದು ಸಲ ಹಾಕ್ತೀನಿ, ಚೆನ್ನಾಗಿದೆ ಅಲ್ವಾ? ನನ್ನ ಮೇಲ್‌ಗೆ ಉತ್ತರವಾಗಿ ಹೋಟೆಲ್‌ನವರು ಕಳಿಸಿದ ಗಾಜಿನ ಫೋಟೋ ತೋರಿಸಿದೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ ಇರಬಹುದು ಅಂದೆ. ಗಾಜಿಗೆ ಲೆಕ್ಕ ಚದರಡಿ ಮೇಲೆ. ಮೂರು ಚದರಡಿ, ಅಂಚಿಗೆ ಪಾಲಿಶ್, ಮೂಲೆ ಉರುಟು ಮಾಡೋದು, ಎಲ್ಲಾ ಸೇರಿ ಐನೂರರ ಒಳಗೆ ಅಂದರು. ದಪ್ಪ ಗಾಜು ಬೇಕಂದರೆ ಇನ್ನೂ ಸ್ವಲ್ಪ ಜಾಸ್ತಿ. ನಾಲ್ಕೂವರೆ ಸಾವಿರ ಅಂದಾಗ ಅವರು ಕಟರ್ ಕೆಳಗಿಟ್ಟರು.

"ಅಕ್ಕಾ, ಅಷ್ಟ್ ರೊಕ್ಕ ಕೊಟ್ರ ನಾ ನಿಮಗ ಶೋಕೇಸ್‌ದ್ ಗಾಜ್ ಪೂರಾ ಕುಂದ್ರಿಸಿ ಕೊಡ್ತೀನ್ರೀ."

ಒಂದು ಚೀಟಿ ಮೇಲೆ ಅಳತೆ, ದರ ಬರೆದು ಅಂಗಡಿ ಸೀಲ್ ಒತ್ತಿಸಿಕೊಂಡೆ. ಅದೇ ಫೋಟೋದಲ್ಲಿ ಭಾಯ್ ಇನ್ನೊಂದು ತೋರಿಸಿದರು. ಟೇಪ್ ಕಿತ್ತಿದ್ದಾರೆ, ಆದರೆ ಅದರ ಅಂಟು ಹಾಗೇ ಉಳಿದಿದೆ. ಬಿರುಕಿನ ಎರಡೂ ಕಡೆ ಕಂದು ಗೆರೆ, ಧೂಳು ಮೆತ್ತಿಕೊಂಡು. "ಇದು ನಿನ್ನೆ ಮೊನ್ನೆ ಅಂಟ್ ಅಲ್ರೀ" ಅಂದರು. ಅವರ ಕಣ್ಣಿಗೆ ಬಿದ್ದಿದ್ದು ನನಗೆ ಹೊಳೆದೇ ಇರಲಿಲ್ಲ.

ಹೋಟೆಲ್. ಕ್ಯಾಮೆರಾ ಬಂದ್ ಮಾಡಿ ಅಂದರು, ಮಾಡಿದೆ. ಅದಕ್ಕೆ ನಿಮಗೆ ಈಗ ಮಹಮೂದ್ ಗವಾನ್ ಮದರಸಾ ಕಾಣ್ತಾ ಇದೆ, ಆಮೇಲೆ ತೆಗೆದ ಶಾಟ್. ಒಳಗೆ ಏನಾಯಿತು ಹೇಳ್ತೀನಿ. ಮ್ಯಾನೇಜರ್ ಹೊಸಬರು, ಪಾಪ ಮರ್ಯಾದೆಯಿಂದಲೇ ಮಾತಾಡಿದರು. "ಹೌಸ್‌ಕೀಪಿಂಗ್‌ದವರು ರಿಪೋರ್ಟ್ ಕೊಟ್ಟಾರ್ರೀ ಮೇಡಂ, ಸಿಸ್ಟಮ್‌ದಾಗ ರೇಟ್ ಫಿಕ್ಸ್ ಅದ." ಯಾವ ಸಿಸ್ಟಮ್ ಅಂತ ಕೇಳಿದರೆ ಉತ್ತರ ಇಲ್ಲ. ನಾನು ಕಾಗದ ಬಿಚ್ಚೋ ಮುಂಚೆ ಅವ್ವ ಶುರು ಮಾಡಿದಳು.

"ತಮ್ಮಾ, ನಾವು ಒಡದು, ನಾವೇ ಟೇಪ್ ಹಚ್ಚಿ, ಆ ಟೇಪ್ ಹಳದಿ ಆಗೋತನಕ ನಿಮ್ಮ ರೂಮ್‌ನಾಗೇ ಕುಂತಿದ್ವೇನು?"

ಕೌಂಟರ್ ಹಿಂದೆ ಇದ್ದ ಹುಡುಗ ನಕ್ಕುಬಿಟ್ಟ. ಮ್ಯಾನೇಜರ್ ನಗಲಿಲ್ಲ. ಮಾಲೀಕರ ಜೊತೆ ಮಾತಾಡಿ ಹೇಳ್ತೀವಿ ಅಂದರು. ಅಂಗಡಿ ಚೀಟಿಯ ಜೆರಾಕ್ಸ್ ಕೊಟ್ಟು, ಇನ್ನೊಂದರ ಮೇಲೆ ತಲುಪಿದೆ ಅಂತ ಸಹಿ ಹಾಕಿಸಿಕೊಂಡು ಬಂದೆ.

ಈ ಮದರಸಾ 1472ರದ್ದು. ಮುಂದೆ ಎರಡು ಮಿನಾರ್ ಇದ್ದವು, ಈಗ ಒಂದೇ. ಅದರ ಮೇಲಿನ ನೀಲಿ ಹೆಂಚಿನ ಚೂರು ನೋಡಿ, ಬಿಸಿಲಿಗೆ ಇನ್ನೂ ಮಿಂಚುತ್ತದೆ. ಔರಂಗಜೇಬನ ಕಾಲದಲ್ಲಿ ಸ್ಫೋಟ ಆಗಿ ಒಂದು ಕಡೆ ಕುಸಿದಿದ್ದಂತೆ. ನಮ್ಮ ಹೋಟೆಲ್‌ನವರು ಆಗ ಇದ್ದಿದ್ದರೆ ಆ ಡ್ಯಾಮೇಜ್ ಬಿಲ್ ಯಾರ ಹೆಸರಿಗೆ ಬರೀತಿದ್ದರೋ! ಬೀದರ್ ಬಗ್ಗೆ ನನಗೆ ಸಿಟ್ಟಿಲ್ಲ. ನಾನಕ್ ಝೀರಾ ಗುರುದ್ವಾರದಲ್ಲಿ ನಮ್ಮ ಹೆಸರು ಕೂಡ ಕೇಳದೆ ಊಟ ಹಾಕಿದರು, ಅದೂ ಬೀದರೇ.

ಬ್ಯಾಂಕ್ ಸುಮ್ನಿದ್ದರೆ ಏನು ಮಾಡೋದು? ಮೊದಲು ಬ್ಯಾಂಕ್‌ಗೇ ದೂರು ಬರೆದಿರಬೇಕು. ಬಿಲ್ ಬಗ್ಗೆ ತಕರಾರು ಮಾಡಿದರೆ 30 ದಿನದೊಳಗೆ ವಿವರಣೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್‌ನ ಕ್ರೆಡಿಟ್ ಕಾರ್ಡ್ ನಿಯಮದಲ್ಲೇ ಇದೆ. ಕೊಡದಿದ್ದರೆ, ಅಥವಾ ಕೊಟ್ಟಿದ್ದು ಸಮಾಧಾನ ಆಗದಿದ್ದರೆ, ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸೋ ರಿಸರ್ವ್ ಬ್ಯಾಂಕ್ ಅಧಿಕಾರಿ. ಆನ್‌ಲೈನ್‌ನಲ್ಲೇ ಹಾಕಬಹುದು, ಫೀಸ್ ಇಲ್ಲ. ವಿಚಾರಿಸೋಕೆ 14448. ಅದು ಬ್ಯಾಂಕ್ ಮೇಲಿನ ದೂರಿಗೆ. ಹೋಟೆಲ್ ಮೇಲೆ ಅಂದರೆ ಗ್ರಾಹಕ ಸಹಾಯವಾಣಿ 1915. ನಾನು 1915ಕ್ಕೆ ಮಾಡಲಿಲ್ಲ, ಅಷ್ಟರಲ್ಲಿ ಜವಳದ ಮನೆಯಿಂದ ಫೋನ್ ಮೇಲೆ ಫೋನ್.

ಜವಳ! ಮಗು ಅಳ್ತಾ ಇದೆ, ಸೌಂಡ್ ಕಡಿಮೆ ಮಾಡಿದ್ದೀನಿ. ಇವರು ಸೋದರಮಾವ. ಮಗುಗಿಂತ ಜಾಸ್ತಿ ಇವರೇ ಹೆದರಿದ್ದಾರೆ. ಊಟಕ್ಕೆ ಹೋಳಿಗೆ, ಪುಂಡಿಪಲ್ಯ, ಶೇಂಗಾ ಹಿಂಡಿ. ಎಲ್ಲಾ ತೋರಿಸೋಕೆ ಆಗಲಿಲ್ಲ, ಒಂದು ಕೈಯಲ್ಲಿ ತಟ್ಟೆ.

ಇದು ಎಡಿಟ್ ಮಾಡುವಾಗಿನ ದನಿ, ಅದಕ್ಕೆ ಸ್ವಲ್ಪ ಬೇರೆ ಕೇಳುತ್ತದೆ, ನೆಗಡಿ. ಬ್ಯಾಂಕ್‌ನಿಂದ ಮೇಲ್ ಬಂದಿದೆ. ಹೋಟೆಲ್‌ನವರ ಬ್ಯಾಂಕ್ ಅವರಿಂದ ದಾಖಲೆ ಕೇಳಿತ್ತು, ಹೋಟೆಲ್ ಏನೂ ಕೊಡಲಿಲ್ಲ, ಕೇಸ್ ಕ್ಲೋಸ್. ಟೆಂಪರರಿ ಕ್ರೆಡಿಟ್ ಈಗ ಪರ್ಮನೆಂಟ್. ರೈಲಿನಲ್ಲಿ ಕ್ಯಾಷ್ ಕೊಡಿ ಅಂದಿದ್ದೆನಲ್ಲ, ಅದನ್ನು ಕೇಳಬೇಡಿ. ಕ್ಯಾಷ್ ಆಗಿದ್ದರೆ ಆ ಕೌಂಟರ್‌ನಲ್ಲೇ ಜಗಳ ಆಡಿ ಖಾಲಿ ಕೈಯಲ್ಲಿ ಬರಬೇಕಿತ್ತು. ಮಧ್ಯದಲ್ಲಿ ಕೇಳೋಕೆ ಬ್ಯಾಂಕ್ ಅಂತ ಒಂದು ಇದ್ದಿದ್ದು ಕಾರ್ಡ್‌ನಿಂದಲೇ. ಕಾರ್ಡೇ ಕೊಡಿ. ಆದರೆ ಪಿನ್ ಒತ್ತೋ ಮುಂಚೆ ಎಷ್ಟು ಬ್ಲಾಕ್ ಮಾಡ್ತಾರೆ ಅಂತ ಕೇಳಿ, ಚೆಕ್‌ಔಟ್‌ನಲ್ಲಿ ಏನೂ ಬಾಕಿ ಇಲ್ಲ ಅಂತ ಬರೆಸಿಕೊಳ್ಳಿ, ರೂಮ್ ಟೂರ್ ಎಷ್ಟೇ ಬೋರ್ ಆದರೂ ಡಿಲೀಟ್ ಮಾಡಬೇಡಿ.

ಇನ್ನೊಂದು ನೋಡಿ, ಇಲ್ಲಿ ಸ್ಟೇಟ್‌ಮೆಂಟ್‌ನ ಕೊನೆ ಸಾಲು. ಆ ನಾಲ್ಕೂವರೆ ಸಾವಿರಕ್ಕೆ ಬಂದಿದ್ದ ರಿವಾರ್ಡ್ ಪಾಯಿಂಟ್ 45. ಅದನ್ನು ಮಾತ್ರ ಬ್ಯಾಂಕ್‌ನವರು ಮೇಲ್ ಬಂದ ದಿನವೇ ಕತ್ತರಿಸಿದ್ದಾರೆ. ಎಲ್ಲಾದಕ್ಕೂ ವರ್ಕಿಂಗ್ ಡೇ ಬೇಕಂತೆ, ಇದಕ್ಕೆ ಬೇಡ. ಹೋಗಲಿ. ಕ್ಲಿಪ್ ಮುಗೀತು, ಅವ್ವ ಬಾಳೆಹಣ್ಣಿನ ಚೌಕಾಸಿ ಮಾಡ್ತಾ ಇರೋದು ಮುಂದಿನ ವಿಡಿಯೋದಲ್ಲಿ.