ಲೋಟ ಬಿದ್ದ ದಿನ ಕಲಿತ ಪಂಚಮಿ

ಎಲ್ಲರಿಗೂ ನಮಸ್ಕಾರ.

46ನೇ ವಯಸ್ಸಿನಲ್ಲಿ, ಮೇಷ್ಟರಿಲ್ಲದೆ, ಮನೆಯಲ್ಲೇ ಕೂತು ಸಂಸ್ಕೃತ ಶುರು ಮಾಡಿದವನು ನಾನು. ಮೊದಲ ಮೂರು ತಿಂಗಳು ‘ರಾಮಃ ರಾಮೌ ರಾಮಾಃ’ ಬಾಯಿಪಾಠ ಮಾಡಿದೆ. ಸಂಬೋಧನೆಯೂ ಸೇರಿ 24 ರೂಪಗಳು ಬಂದವು. ‘ನೀರು ಕೊಡು’ ಅನ್ನಲು ಮಾತ್ರ ಬರಲಿಲ್ಲ.

ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿ ಬಿತ್ತು. ನೆಲ ಒರೆಸುತ್ತ, ಇದನ್ನು ಸಂಸ್ಕೃತದಲ್ಲಿ ಹೇಗೆ ಹೇಳುವುದು ಅಂತ ಯೋಚಿಸಿದೆ. ಕೈಯಿಂದ ಅಂದರೆ ‘ಹಸ್ತೇನ’ ಅಲ್ವಾ? ಪುಸ್ತಕ ತೆಗೆದು ನೋಡಿದರೆ ತಪ್ಪು. ಕೈಯಿಂದ ಬರೆದರೆ ‘ಹಸ್ತೇನ’, ಕೈಯಿಂದ ಬಿದ್ದರೆ ‘ಹಸ್ತಾತ್’. ನಮಗೆ ಎರಡೂ ‘ಇಂದ’. ಅಲ್ಲಿ ಕೆಲಸಕ್ಕೆ ಒದಗಿದ ಕೈ ಬೇರೆ, ಲೋಟ ಬಿಟ್ಟು ಹೋದ ಕೈ ಬೇರೆ.

ಮೊದಲನೆಯದು ತೃತೀಯಾ ವಿಭಕ್ತಿ, ಈ ‘ಹಸ್ತಾತ್’ ಪಂಚಮೀ ವಿಭಕ್ತಿ. ಸ್ಕೂಲಲ್ಲಿ ಪಂಚಮಿಗೆ ‘ದೆಸೆಯಿಂದ’ ಅಂತ ಕಲಿಸಿದ್ದು ನೆನಪಿದೆಯಾ? ‘ಮರದ ದೆಸೆಯಿಂದ ಹಣ್ಣು ಬಿತ್ತು’ ಅಂತ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಸಂಸ್ಕೃತದ ಮಾದರಿ ಇಟ್ಟುಕೊಂಡು ಕನ್ನಡದ ವಿಭಕ್ತಿಗಳನ್ನು ಜೋಡಿಸಿದ್ದರಿಂದ ಆ ಖಾನೆಗೂ ಏನಾದರೂ ಬೇಕಾಯಿತು. ಅಷ್ಟು ವರ್ಷ ಅರ್ಥವಾಗದ ‘ದೆಸೆಯಿಂದ’ ನನಗೆ ಅವತ್ತು ಅಡುಗೆಮನೆಯಲ್ಲಿ ಅರ್ಥವಾಯಿತು.

ಅದಕ್ಕೇ ಹೇಳುತ್ತೇನೆ, ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಸಂಧಿಗಳನ್ನು ಹೈಸ್ಕೂಲಿನ ಕನ್ನಡ ಪೀರಿಯಡ್‌ನಲ್ಲೇ ಓದಿದ್ದೀರಿ. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಪುಸ್ತಕಗಳೂ ಸಿಗುತ್ತವೆ. ದೇವನಾಗರಿ ನಿಧಾನವಾಗಿ ಬರಲಿ.

ಆದರೆ ಗೊತ್ತಿರುವ ಪದವೇ ಜಾಸ್ತಿ ದಾರಿ ತಪ್ಪಿಸುತ್ತದೆ. ನಮ್ಮ ‘ಅವಸರ’ ಗಡಿಬಿಡಿ, ಸಂಸ್ಕೃತದ ‘ಅವಸರಃ’ ಸಿಕ್ಕ ಅವಕಾಶ. ಲಿಂಗದ ಕಥೆ ಇನ್ನೂ ಬೇರೆ. ಹೆಂಡತಿಗೆ ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರಂ’ ನಪುಂಸಕ, ‘ದಾರಾಃ’ ಪುಲ್ಲಿಂಗ, ಅದೂ ಬಹುವಚನದಲ್ಲಿ! ಸುಮ್ನೆ ಕಾರಣ ಹುಡುಕುತ್ತ ಕೂರಬೇಡಿ. ಪದ ಕಲಿಯುವಾಗಲೇ ಅದರ ಲಿಂಗ ತೋರಿಸುವ ಸಣ್ಣ ಪದವೊಂದನ್ನು ಮುಂದೆ ಸೇರಿಸಿಕೊಳ್ಳಿ: ಸಃ ವೃಕ್ಷಃ, ಸಾ ನದೀ, ತತ್ ಫಲಮ್. ನನಗೆ ಇದರಷ್ಟು ಉಪಕಾರ ಮಾಡಿದ್ದು ಬೇರೆ ಯಾವುದೂ ಇಲ್ಲ.

ಸ್ವಲ್ಪ ಧೈರ್ಯ ಬಂದ ಮೇಲೆ ‘ಸುಧರ್ಮಾ’ ನೋಡಿ. 1970ರಲ್ಲಿ ಮೈಸೂರಿನಲ್ಲಿ ಶುರುವಾದ ಸಂಸ್ಕೃತ ದಿನಪತ್ರಿಕೆ ಅದು. ಮೊದಲ ಸಲ ಅದರಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ನಿಘಂಟಿಲ್ಲದೆ ಅರ್ಥವಾದಾಗ ಮನೆಯವರನ್ನೆಲ್ಲ ಕರೆದು ಓದಿ ಹೇಳಿದ್ದೆ.

ದಿನಾ ಅರ್ಧ ಗಂಟೆ ಸಾಕು. ಆದರೆ ಬಾಯಿಬಿಟ್ಟು, ಕೆಲಸ ಮಾಡುತ್ತಲೇ ಹೇಳಬೇಕು. ಈಗಲೇ ನೋಡೋಣ, ಪೆನ್ನು ತೆಗೆದುಕೊಳ್ಳಿ. ಏನಾದರೂ ಗೀಚುತ್ತ ಹೇಳಿ: ‘ಹಸ್ತೇನ ಲಿಖಾಮಿ.’ ಇನ್ನೂ ಜೋರಾಗಿ. ಈಗ ಪೆನ್ನನ್ನು ಕೈಯಿಂದ ಬಿಡಿ: ‘ಲೇಖನೀ ಹಸ್ತಾತ್ ಪತತಿ.’