ತಾರಸಿ ಮೇಲಿನ ಏಸಿ: ಗಾಳಿಗೂ ನೀರಿಗೂ ದಾರಿ ಬಿಡಿ

ಕೇಳುಗರೇ, ನಮಸ್ಕಾರ.

ಶಿವಮೊಗ್ಗದ ನೆಹರೂ ರಸ್ತೆಯಲ್ಲೋ ಗಾಂಧಿ ಬಜಾರಿನಲ್ಲೋ ಒಂದು ಎತ್ತರದ ಕಟ್ಟಡ ಹತ್ತಿ ಸುತ್ತ ನೋಡಿ. ನೀರಿನ ಟ್ಯಾಂಕುಗಳ ಪಕ್ಕದಲ್ಲೇ ದೊಡ್ಡ ದೊಡ್ಡ ತಗಡಿನ ಪೆಟ್ಟಿಗೆಗಳು ಕಾಣುತ್ತವೆ. ಬಟ್ಟೆ ಅಂಗಡಿ, ಬ್ಯಾಂಕು, ನರ್ಸಿಂಗ್ ಹೋಮ್, ಕಲ್ಯಾಣ ಮಂಟಪ ಇವನ್ನೆಲ್ಲ ತಂಪಾಗಿಡುವ ಏಸಿ ಯಂತ್ರಗಳು ಅವು. ಅವನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಇವು ಕೈಕೊಟ್ಟಾಗ ಹೆಚ್ಚಿನ ಸಲ ಯಂತ್ರ ಕೆಟ್ಟಿರುವುದಿಲ್ಲ. ಗಾಳಿಯ ದಾರಿ ಕಟ್ಟಿರುತ್ತದೆ, ಇಲ್ಲವೇ ನೀರಿನ ದಾರಿ ಕಟ್ಟಿರುತ್ತದೆ.

ಏಸಿ ತಂಪನ್ನು ತಯಾರು ಮಾಡುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಏಸಿಯ ಅಳತೆಯಲ್ಲಿ ಒಂದು ಟನ್ ಅಂದರೆ ಸುಮಾರು 3.5 ಕಿಲೋವಾಟ್ ಶಾಖ. ಹತ್ತು ಟನ್ನಿನ ಯಂತ್ರ 35 ಕಿಲೋವಾಟ್ ಶಾಖವನ್ನು ತಾರಸಿಗೆ ತಂದು ಸುರಿಯುತ್ತದೆ, ಶಾಖ ಹೊರುವ ಗ್ಯಾಸನ್ನು ಒತ್ತುವ ಕಂಪ್ರೆಸರಿನ ಸ್ವಂತ ಬಿಸಿ ಬೇರೆ. ಆ ಬಿಸಿ ಎಲ್ಲಿಗಾದರೂ ಹೋಗಬೇಕು, ಅಲ್ವಾ?

ಇಲ್ಲಿ ಮಲೆನಾಡಿನದೇ ಒಂದು ತೊಂದರೆ ಇದೆ. ತಾರಸಿ ಸೋರದಿರಲಿ ಅಂತ ನಾವು ಮೇಲೆ ಶೀಟು ಹೊದಿಸುತ್ತೇವೆ. ಹೊದಿಸುವಾಗ ಏಸಿ ಯಂತ್ರವೂ ಅದರ ಕೆಳಗೆ ಸೇರಿಹೋಗುತ್ತದೆ. ಫ್ಯಾನಿಗೂ ಶೀಟಿಗೂ ನಡುವೆ ಎರಡೋ ಮೂರೋ ಅಡಿ. ಬಿಸಿಗಾಳಿ ಮೇಲಕ್ಕೆ ಹೋಗಿ, ಶೀಟಿಗೆ ಬಡಿದು, ತಿರುಗಿ ಯಂತ್ರದ ಕಾಯಿಲ್ಲಿಗೇ, ಅಂದರೆ ಶಾಖ ಬಿಡುವ ಕೊಳವೆಗಳ ಜಾಲಕ್ಕೇ, ನುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಊರಲ್ಲಿ 36 ಡಿಗ್ರಿ ಇದ್ದರೆ ಶೀಟಿನ ಕೆಳಗೆ 45 ದಾಟಬಹುದು. ಗ್ಯಾಸಿನ ಪ್ರೆಷರ್ ಏರಿ ಯಂತ್ರ ಟ್ರಿಪ್ ಆಗುತ್ತದೆ, ಅಂದರೆ ತಾನೇ ನಿಂತುಬಿಡುತ್ತದೆ. ಸಂಜೆ ತಣ್ಣಗಾದ ಮೇಲೆ ತಾನಾಗಿಯೇ ಸರಿಯಾದಂತೆ ಕಾಣುತ್ತದೆ. ಮಾಲೀಕರು ಗ್ಯಾಸ್ ಕಡಿಮೆಯಾಗಿದೆ ಅಂದುಕೊಳ್ಳುತ್ತಾರೆ. ಯಾರೋ ಬಂದು ಗ್ಯಾಸ್ ತುಂಬುತ್ತಾರೆ, ಪ್ರೆಷರ್ ಇನ್ನೂ ಜಾಸ್ತಿಯಾಗುತ್ತದೆ. ಮಾಡಬೇಕಾದ್ದು ಇಷ್ಟೇ: ಯಂತ್ರದ ನೆತ್ತಿಯ ಮೇಲಿನ ಶೀಟನ್ನು ತೆಗೆಸಿ. ಇಲ್ಲವೇ ಫ್ಯಾನಿನ ಬಾಯಿಂದ ಶೀಟಿನಾಚೆಗೆ ತಗಡಿನ ಡಕ್ಟ್, ಅಂದರೆ ಗಾಳಿಕೊಳವೆ, ಮಾಡಿಸಿ. ಮಳೆಯಲ್ಲಿ ನೆನೆಯುತ್ತದಲ್ಲ ಅಂತ ಕೇಳುತ್ತಾರೆ. ನೆನೆಯಲಿ, ಅದನ್ನು ಮಾಡಿರುವುದೇ ಬಯಲಲ್ಲಿ ಇಡುವುದಕ್ಕೆ. ಮಳೆಗಾಲದಲ್ಲಿ ಟರ್ಪಾಲು ಸುತ್ತಿ ಕಟ್ಟುವುದಂತೂ ಬೇಡವೇ ಬೇಡ. ಒಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ, ಇಲಿಗಳು ಗೂಡು ಮಾಡಿ ವೈರು ಕಡಿಯುತ್ತವೆ.

ಬೇಸಿಗೆಯಲ್ಲಿ ಇನ್ನೊಂದು ನೋಡಬೇಕು. ಹತ್ತಿರದಲ್ಲಿ ಬೂರುಗದ ಮರ ಇದ್ದರೆ, ಕಾಯಿ ಒಡೆದು ಹತ್ತಿ ಹಾರುವ ದಿನಗಳಲ್ಲಿ ಅದೆಲ್ಲ ಬಂದು ಕಾಯಿಲ್ಲಿಗೆ ಅಂಟುತ್ತದೆ. ಅದರ ಮೇಲೆ ರಸ್ತೆಯ ಧೂಳು ಕೂತರೆ ಕಂಬಳಿ ಹೊದಿಸಿದ ಹಾಗೆ. ತೊಳೆಯುವ ಮುಂಚೆ ಮೇನ್ ಸ್ವಿಚ್ ತೆಗೆದು ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಕೆಳಗಿರುವವರು ಯಾರೋ ಬಂದು ಸುಮ್ನೆ ಸ್ವಿಚ್ ಹಾಕಿಬಿಡುತ್ತಾರೆ. ನೀರನ್ನು ಒಳಗಿನಿಂದ ಹೊರಕ್ಕೆ ಹಾಯಿಸಬೇಕು, ಹೊರಗಿನಿಂದ ಹಾಯಿಸಿದರೆ ಕಸ ಇನ್ನೂ ಒಳಗೆ ಹೋಗಿ ಕೂರುತ್ತದೆ. ಕಾರು ತೊಳೆಯುವ ಪ್ರೆಷರ್ ಪಂಪು ಬೇಡ. ಆ ತೆಳು ಅಲ್ಯೂಮಿನಿಯಂ ಎಲೆಗಳು ಒಂದೇ ಏಟಿಗೆ ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿ ಹಾಯುವುದೇ ಇಲ್ಲ. ಒಳಗಿನ ಫಿಲ್ಟರನ್ನು ಅಂಗಡಿಗಳಲ್ಲಿ ತಿಂಗಳಿಗೊಮ್ಮೆ ತೊಳೆದರೆ ನಡೆಯುತ್ತದೆ. ಕಲ್ಯಾಣ ಮಂಟಪಕ್ಕೆ ಅದು ಸಾಲದು. ಹೋಮದ ಹೊಗೆಯಲ್ಲಿ ತುಪ್ಪದ ಜಿಡ್ಡು ಇರುತ್ತದೆ. ಮದುವೆ ಸೀಸನ್ನಿನಲ್ಲಿ ಹದಿನೈದು ದಿನಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆಯಲೇಬೇಕು.

ಇನ್ನು ನೀರು. ನಮ್ಮ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಮಳೆಗಾಲದಲ್ಲಿ ಬೀರುವಿನ ಬಟ್ಟೆಗೂ ಬೂಸ್ಟು ಬರುವುದನ್ನು ಕಂಡವರೇ. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಮೊದಲ ಆಧುನಿಕ ಏಸಿಯನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ಜನಕ್ಕೆ ಸೆಕೆ ಅಂತ ಅಲ್ಲ, ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ ಅಂತ. ತೇವ ತೆಗೆಯುವುದು ಏಸಿಯ ಹುಟ್ಟುಕೆಲಸ.

ಹಾಗೆ ತೆಗೆದ ನೀರು, ಗಾಳಿ ತಂಪು ಮಾಡುವ ಒಳಗಿನ ಕಾಯಿಲ್ಲಿನ ಕೆಳಗಿನ ತಟ್ಟೆಗೆ ಬೀಳುತ್ತದೆ. ತಟ್ಟೆಯಿಂದ ಹೊರಡುವ ಪೈಪಿನಲ್ಲಿ ಯು ಆಕಾರದ ಒಂದು ಬಾಗು ಇರಬೇಕು. ಟ್ರ್ಯಾಪ್ ಅನ್ನುತ್ತೇವೆ. ಬ್ಲೋವರ್ ಗಾಳಿಯನ್ನು ಎಳೆಯುವ ರಭಸಕ್ಕೆ ಪೈಪಿನಿಂದಲೂ ಗಾಳಿ ಒಳಗೆ ನುಗ್ಗಲು ನೋಡುತ್ತದೆ. ಬಾಗಿನಲ್ಲಿ ನಿಂತ ನೀರು ಅದನ್ನು ತಡೆಯುತ್ತದೆ. ಬಾಗು ಇಲ್ಲದಿದ್ದರೆ ಗಾಳಿ ನುಗ್ಗಿ ನೀರನ್ನು ತಟ್ಟೆಯಲ್ಲೇ ನಿಲ್ಲಿಸುತ್ತದೆ, ತಟ್ಟೆ ತುಂಬಿ ಫಾಲ್ಸ್ ಸೀಲಿಂಗಿನಿಂದ ಹನಿ ಶುರು. ಯಂತ್ರ ಓಡುವಾಗ ಪೈಪಿನಲ್ಲಿ ನೀರೇ ಇಲ್ಲ, ನಿಲ್ಲಿಸಿದ ಕೂಡಲೇ ಬುಳಬುಳ ಅಂತ ಬಂತು ಅಂದರೆ ತಪ್ಪು ಆ ಬಾಗಿನಲ್ಲೇ ಇದೆ. ಬಾಗು ಇದ್ದರೂ ಅದರಲ್ಲಿ ಲೋಳೆಯಂಥ ಪಾಚಿ ಕಟ್ಟುತ್ತದೆ. ರೋಹಿಣಿ ಮಳೆಗೆ ಮುಂಚೆ ಒಮ್ಮೆ ಬಿಚ್ಚಿ ತೊಳೆದು, ಒಂದು ಚೊಂಬು ನೀರು ಸುರಿದು ಹರಿಯುತ್ತದಾ ಅಂತ ನೋಡಿ.

ಮಳೆಗಾಲದಲ್ಲಿ ಓಡಿಸುವ ರೀತಿಯೂ ಬೇರೆ. ಒಳಗಿನ ಫ್ಯಾನಿನ ಸ್ವಿಚ್ಚನ್ನು ‘ಆಟೋ’ ಅಂತ ಬರೆದ ಕಡೆ ಇಡಿ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡುತ್ತಿದ್ದರೆ ಕಾಯಿಲ್ಲಿನ ಮೇಲಿನ ನೀರು ಮತ್ತೆ ಆರಿ ಕೋಣೆಯ ಗಾಳಿಗೇ ಬರುತ್ತದೆ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವುದು ಬರೀ ನಂಬಿಕೆ. 24ರಲ್ಲಿ ಇಟ್ಟರೆ ಜನಕ್ಕೂ ಹಿತ, ಬಿಲ್ಲೂ ಕಡಿಮೆ.

ಕರೆಂಟಿನ ವಿಷಯ. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿಯುವುದು ನಮ್ಮಲ್ಲಿ ಮಾಮೂಲು. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟಾರು ಸುಟ್ಟುಹೋಗುತ್ತದೆ. ರಿಪೇರಿಯಲ್ಲಿ ಎರಡು ಫೇಸ್ ಅದಲುಬದಲಾದರೆ ಸ್ಕ್ರೋಲ್ ಅನ್ನುವ ಸುರುಳಿ ಬಗೆಯ ಕಂಪ್ರೆಸರ್ ಉಲ್ಟಾ ತಿರುಗಿ ಕರಕರ ಸದ್ದು ಮಾಡುತ್ತದೆ, ತಂಪು ಬರುವುದಿಲ್ಲ. ಎರಡಕ್ಕೂ ಫೇಸ್ ಪ್ರಿವೆಂಟರ್, ಅಂದರೆ ಫೇಸ್ ತಪ್ಪಿದಾಗ ಯಂತ್ರ ಓಡದಂತೆ ತಡೆಯುವ ಸಾಧನ, ಬೇಕು. ಕಂಪ್ರೆಸರಿನ ಬೆಲೆ ನೋಡಿದರೆ ಅದು ಏನೂ ಅಲ್ಲ. ಆಷಾಢದಲ್ಲಿ ಮದುವೆ ಇಲ್ಲ ಅಂತ ಛತ್ರದವರು ಮೇನ್ ತೆಗೆದಿಡುತ್ತಾರೆ. ಶ್ರಾವಣದ ಮೊದಲ ಮದುವೆಯ ಬೆಳಗ್ಗೆ ಮೇನ್ ಹಾಕಿ ನೇರ ಏಸಿ ಶುರು ಮಾಡಬೇಡಿ. ದೊಡ್ಡ ಕಂಪ್ರೆಸರಿನ ತಳದಲ್ಲಿ ಆಯಿಲ್ ಬೆಚ್ಚಗಿಡಲು ಸಣ್ಣ ಹೀಟರ್ ಇರುತ್ತದೆ. ನಿಂತ ಯಂತ್ರದಲ್ಲಿ ಗ್ಯಾಸ್ ಆ ಆಯಿಲ್ಲಿನಲ್ಲಿ ಕರಗಿ ಕೂತಿರುತ್ತದೆ. ಹಿಂದಿನ ದಿನವೇ ಮೇನ್ ಹಾಕಿಟ್ಟರೆ ಹೀಟರಿನ ಬಿಸಿಗೆ ಗ್ಯಾಸ್ ಆಯಿಲ್ಲಿನಿಂದ ಬಿಟ್ಟುಕೊಳ್ಳುತ್ತದೆ.

ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ವರ್ಷ ವರ್ಷ ತುಂಬಿಸಿದರೆ ದುಡ್ಡು ಗಾಳಿಗೆ ಬಿಟ್ಟಂತೆ. ಹೊಸ ಯಂತ್ರಗಳ ಆರ್-32 ಗ್ಯಾಸಿಗೆ ಸ್ವಲ್ಪ ಬೆಂಕಿ ಹಿಡಿಯುವ ಗುಣವೂ ಇದೆ. ಆ ಕೆಲಸಕ್ಕೆ ಕಲಿತವರನ್ನೇ ಕರೆಯಿರಿ.

ಬಿಸಿ ಮಾಡುವ ಯಂತ್ರಗಳು ನಮ್ಮಲ್ಲಿ ಕಡಿಮೆ. ಬೆಟ್ಟದ ಕಡೆಯ ಕೆಲವು ರೆಸಾರ್ಟುಗಳಲ್ಲಿ ಅದೇ ಏಸಿ ಚಳಿಗಾಲದಲ್ಲಿ ಉಲ್ಟಾ ಕೆಲಸ ಮಾಡಿ ಕೋಣೆ ಬೆಚ್ಚಗಿಡುತ್ತದೆ. ಆಗ ಹೊರಗಿನ ಪೆಟ್ಟಿಗೆಯಿಂದ ನೀರು ಹನಿಯುತ್ತದೆ. ಗಾಬರಿ ಬೇಡ, ಆ ನೀರು ತಾರಸಿಯಲ್ಲಿ ನಿಲ್ಲದಂತೆ ನೋಡಿಕೊಂಡರೆ ಸಾಕು.

ಕೊನೆಯದು ಲೆಕ್ಕ. ಬಿಲ್ಲಿನಲ್ಲಿ ಸರ್ವಿಸ್ ಆಯಿತು ಅಂತ ಒಂದೇ ಸಾಲು ಇದ್ದರೆ ಒಪ್ಪಬೇಡಿ. ಮೂರೂ ಫೇಸಿನ ವೋಲ್ಟೇಜು, ಕಂಪ್ರೆಸರಿನ ಆಂಪಿಯರ್, ಕಂಪ್ರೆಸರಿಗೆ ಬರುವ ಮತ್ತು ಅದರಿಂದ ಹೊರಡುವ ಎರಡೂ ಕಡೆಯ ಗ್ಯಾಸ್ ಪ್ರೆಷರ್, ಒಳಗೆ ಹೋಗುವ ಮತ್ತು ಹೊರಗೆ ಬರುವ ಗಾಳಿಯ ಡಿಗ್ರಿ, ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಸಿ. ಮುಂದಿನ ವರ್ಷ ಬೇರೆ ಮೆಕ್ಯಾನಿಕ್ ಬಂದರೂ ಎಲ್ಲಿಂದ ಶುರು ಮಾಡಬೇಕು ಅಂತ ಆ ಪುಟ ನೋಡಿಯೇ ತಿಳಿದುಕೊಳ್ಳುತ್ತಾನೆ.

ನಮಸ್ಕಾರ.